ಬಾಡಿಗೆಯ ಮನೆಗೆ ಷಡ್ಭಾಗ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂದು ಮಾತ್ರ ಹೇಳಲಿಲ್ಲ. ಗೋಡೆಯ ಹೊಟ್ಟೆಯೊಳಗೆ ಕೊಳಾಯಿಗಳನ್ನು ಹುದುಗಿಸುವ ಪದ್ಧತಿ ಅವರ ಕಾಲದಲ್ಲಿ ಇರಲಿಲ್ಲವಷ್ಟೆ! ಬಾಡಿಗೆಯೆಂದರೆ ಕುಳಿತಲ್ಲಿಗೆ ಬರುವ ಅನ್ನವೆಂದು ಬಗೆಯುವವರು ಬಹುಮಂದಿ. ಆದರೆ ಹಸುವಿಗೆ ಮೇವಿಕ್ಕದೆ ಹಾಲನ್ನು ಮಾತ್ರ ಕರೆಯಬಯಸುವವನಿಗೂ, ಮನೆಗೆ ಏನನ್ನೂ ಕೊಡದೆ ಬಾಡಿಗೆಯನ್ನು ಮಾತ್ರ ಎಣಿಸಿಕೊಳ್ಳುವವನಿಗೂ ಹೆಚ್ಚಿನ ಭೇದವಿಲ್ಲ.

ನಾವು ಅಧ್ಯಾಪಕ ವೃತ್ತಿಯಿಂದ ನಿವೃತ್ತರಾಗಿ ಎರಡು ವರ್ಷಗಳಾದುವು. ಬೆಂಗಳೂರಿನ ಬಸವನಗುಡಿಯಲ್ಲಿ ನಮ್ಮ ತಂದೆಯವರು 1962ರಲ್ಲಿ ಕಟ್ಟಿಸಿದ ಮನೆಯ ಮೇಲಿನ ಭಾಗದಲ್ಲಿ ನಮ್ಮ ವಾಸ. ಕೆಳಗಿನ ಭಾಗ ಬಾಡಿಗೆಗೆ. ಅಲ್ಲಿ ಈಗ್ಗೆ ಐದು ವರ್ಷಗಳಿಂದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ಹೆಣ್ಣುಮಗಳೊಬ್ಬರು, ಉಬ್ಬಸದ ತಾಯಿಯೊಡನೆಯೂ ಓದುವ ಮಗಳೊಡನೆಯೂ ಇದ್ದಾರೆ. ಬಾಡಿಗೆ, ಐದು ವರ್ಷಗಳ ಸರಾಸರಿಯಲ್ಲಿ, ತಿಂಗಳಿಗೆ 15,000 ರೂಪಾಯಿ. ನಮ್ಮ ನಿವೃತ್ತಿ ವೇತನಕ್ಕೆ ಇದು ಊರುಗೋಲು. ಮನೆಯಾಕೆಯ ಔಷಧಗಳಿಗೆ ಹಣ ಬರುವುದು ಇದರಿಂದಲೇ. ಆದಕಾರಣ ಈ ಹಣವನ್ನು ಹಗುರವಾಗಿ ಕಾಣುವ ಸ್ಥಿತಿ ನಮ್ಮದಲ್ಲ.

ನೀರಿನ ಮಾತನ್ನು ಮೊದಲು ಹೇಳಬೇಕು. 1974ರಿಂದ ಈ ಊರು ಕುಡಿಯುತ್ತಿರುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಮೂರು ಹಂತಗಳಲ್ಲಿ ಯಂತ್ರಗಳಿಂದ ಮೇಲಕ್ಕೆತ್ತಲ್ಪಟ್ಟು ಬರತಕ್ಕದ್ದು. ಐದನೆಯ ಯೋಜನೆಯು 2024ರಲ್ಲಿ ಮುಗಿಯಿತು. ಅದೇ ವರ್ಷದ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಜನರು ನೀರಿನ ಲಾರಿಗಾಗಿ ಕಾದು ನಿಂತದ್ದನ್ನು ಯಾರೂ ಮರೆತಿರಲಾರರು. ಆಗ ಜಿಲ್ಲಾಡಳಿತವು 6,000 ಲೀಟರಿನ ಲಾರಿಗೆ, 5 ಕಿಲೋಮೀಟರಿನೊಳಗಾದರೆ, 600 ರೂಪಾಯಿಗಳ ದರವನ್ನು ಗೊತ್ತುಮಾಡಬೇಕಾಯಿತು. ಆ ದಿನಗಳಲ್ಲಿ ನಾವು ತೊಟ್ಟಿಕ್ಕುತ್ತಿದ್ದ ನಲ್ಲಿಯೊಂದರ ಕೆಳಗೆ ರಾತ್ರಿ 10 ಗಂಟೆಗೆ ಪಾತ್ರೆಯನ್ನಿಟ್ಟು ಬೆಳಗ್ಗೆ 6 ಗಂಟೆಗೆ ಅಳೆದೆವು. 7 ಲೀಟರ್ ನೀರು! ದಿನಕ್ಕೆ 21 ಲೀಟರ್, ವರ್ಷಕ್ಕೆ 7,665. ಒಂದು ಲಾರಿಗಿಂತ ಹೆಚ್ಚು ನೀರನ್ನು ಚರಂಡಿಗೆ ಕಳುಹಿಸುತ್ತಿದ್ದುದು ಕೆಲವೇ ರೂಪಾಯಿ ಬೆಲೆಯ ಸವೆದ ರಬ್ಬರಿನ ಬಿಲ್ಲೆ.

ನಲ್ಲಿಯ ರೋಗವು ಕಣ್ಣಿಗೆ ಕಾಣುತ್ತದೆ. ಗೋಡೆಯೊಳಗಿನ ರೋಗವು ಕಾಣುವುದಿಲ್ಲ. ಹಿಂದಿನ ಮನೆಗಳಲ್ಲಿ ಹಾಕುತ್ತಿದ್ದುದು ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆ. ಕಾಲಕ್ರಮದಲ್ಲಿ ಲೇಪವು ಸವೆದು ಕಬ್ಬಿಣವು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕೊಳವೆಬಾವಿಯ ಗಡಸುನೀರಾದರೆ ಸುಣ್ಣದ ಪೊರೆಯೂ ಕಟ್ಟಿ, ಹೆಬ್ಬೆರಳಿನ ಗಾತ್ರದ ದಾರಿಯು ಕಿರುಬೆರಳಿಗೂ ಕಿರಿದಾಗುತ್ತದೆ. ಕಳೆದ ಮಳೆಗಾಲದ ತರುವಾಯ ಕೆಳಮನೆಯ ಮಲಗುವ ಕೋಣೆಯ ಗೋಡೆಯು ಒಣಗಲೇ ಇಲ್ಲ. ಗಾರೆ ಉಬ್ಬಿತು, ಬೂಷ್ಟು ಬಂದಿತು, ವೃದ್ಧೆಯ ಉಬ್ಬಸವು ಹೆಚ್ಚಿತು. ಕೊಳಾಯಿ ಮೇಸ್ತ್ರಿಯು ಗೋಡೆಯನ್ನು ಒಂದು ಮೊಳದಷ್ಟು ಒಡೆದು ನೋಡಿ, “ಇಲ್ಲಿ ತೇಪೆ ಹಾಕಿದರೆ ಇನ್ನೆರಡು ಕಡೆ ಬಾಯಿಬಿಡುತ್ತದೆ ಸ್ವಾಮಿ, ಪೂರಾ ಬದಲಾಯಿಸಬೇಕು” ಎಂದನು. ಕೊಳವೆ, ಕೂಲಿ, ಗಾರೆ, ಬಣ್ಣ ಎಲ್ಲ ಸೇರಿ 96,500 ರೂಪಾಯಿಗಳ ಅಂದಾಜು; ಆರು ತಿಂಗಳ ಬಾಡಿಗೆಗಿಂತ ಹೆಚ್ಚು!

ಸಲಹೆಗಳಿಗೆ ಕೊರತೆಯುಂಟೆ? ಮಿತ್ರರೊಬ್ಬರು, ತಿಂಗಳಿಗೆ 3,000 ಹೆಚ್ಚಿಸಿ ಅವರಿಂದಲೇ ವಸೂಲು ಮಾಡಿರಿ ಎಂದರು. ಇನ್ನೊಬ್ಬರು, ಸುಮ್ಮನಿದ್ದುಬಿಡಿ, ತಾವಾಗಿಯೇ ಖಾಲಿಮಾಡುತ್ತಾರೆ, ಅನಂತರ ಸರಿಪಡಿಸಿ ಹೊಸಬರಿಗೆ ಹೆಚ್ಚಿನ ಬಾಡಿಗೆಗೆ ಕೊಡಬಹುದು ಎಂದರು. ಮೂರನೆಯವರು, ಅವರು ಕೊಟ್ಟ ಮುಂಗಡವಿದೆಯಲ್ಲ, ಅದನ್ನೇ ಬಳಸಿರಿ ಎಂದರು.

ಮೂರನ್ನೂ ತೂಗಿ ನೋಡಿದೆವು. 1909ರಲ್ಲಿ ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಮೊದಲು ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಾಡಿಗೆಗೆ ಅವಕ್ರಯವೆಂದು ಹೆಸರು. ಕಳ್ಳತನ, ಹಿಂಸೆ ಮೊದಲಾದ ದೋಷವಿಲ್ಲದ ಬಾಡಿಗೆದಾರನನ್ನು ಹೊರಹಾಕಿದ ಒಡೆಯನಿಗೆ ಅಲ್ಲಿ ಹನ್ನೆರಡು ಪಣಗಳ ದಂಡವುಂಟು. ತಾನಾಗಿ ಬಿಟ್ಟುಹೋಗುವವನು ಆ ವರ್ಷದ ಉಳಿದ ಬಾಡಿಗೆಯನ್ನು ತೆರಬೇಕೆಂಬ ವಿಧಿಯೂ ಉಂಟು. ಕಟ್ಟು ಇಬ್ಬರಿಗೂ ಸಮ. ತೇವದ ಗೋಡೆಯಿಂದ ಹೊರಗಟ್ಟುವುದು ಕೈಯಿಂದ ಹೊರದೂಡುವುದಕ್ಕಿಂತ ಹೇಗೆ ಮೇಲಾದೀತು? ಇನ್ನು ಮುಂಗಡದ ಹಣವು ನಿಕ್ಷೇಪ. ಇಟ್ಟವರು ಕೇಳಿದ ದಿನ ಹಿಂದಕ್ಕೆ ಕೊಡತಕ್ಕದ್ದು. ನಾವು ಅದನ್ನು ಮೊದಲಿನಿಂದಲೂ ಬ್ಯಾಂಕಿನಲ್ಲಿ ಬೇರೆಯಾಗಿಯೇ ಇರಿಸಿದ್ದೇವೆ.

ಈಗಿನ ಕಾನೂನೂ ಇದಕ್ಕೆ ದೂರವಲ್ಲ. 1882ರ ಸ್ವತ್ತು ವರ್ಗಾವಣೆಯ ಕಾನೂನಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ, ಸಹಜವಾದ ಸವೆತವನ್ನು ಬಿಟ್ಟು, ಕಾಪಾಡಿಕೊಳ್ಳಬೇಕು. ಒಡೆಯನು ತಾನು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಯುಕ್ತಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕೇಂದ್ರ ಸರಕಾರವು 2021ರಲ್ಲಿ ರಾಜ್ಯಗಳಿಗೆ ಮಾದರಿಯಾಗಿ ಮುಂದಿಟ್ಟ ಬಾಡಿಗೆಯ ಮಸೂದೆಯಲ್ಲಿ ಹಂಚಿಕೆಯು ಇನ್ನೂ ಸ್ಪಷ್ಟ: ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಕೊಳವೆಗಳ ಬದಲಾವಣೆ, ವಿದ್ಯುತ್ತಿನ ತಂತಿ ಒಡೆಯನವು; ನಲ್ಲಿ ಮತ್ತು ಅದರ ಬಿಲ್ಲೆ, ಮೋರಿಯ ಶುದ್ಧಿ, ವಿದ್ಯುತ್ತಿನ ಗುಂಡಿ, ಬೀಗ ಬಾಡಿಗೆದಾರನವು. ಕರಾರು ಬರೆಯುವಾಗ ಈ ಪಟ್ಟಿಯನ್ನು ಸೇರಿಸಿಕೊಂಡರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಹಾಗಾದರೆ 96,500 ರೂಪಾಯಿ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಪ್ರಾಚೀನರು ಬೆಳೆಯಲ್ಲಿ ಆರನೆಯ ಒಂದು ಪಾಲನ್ನು ರಕ್ಷಣೆಯ ಸಲುವಾಗಿ ರಾಜನಿಗೆ ಕೊಡುತ್ತಿದ್ದರು. ನಮಗೆ ನೆರಳಿತ್ತು ರಕ್ಷಿಸುವುದು ಮನೆಯಾದ್ದರಿಂದ ನಾವು ಆ ಷಡ್ಭಾಗವನ್ನು ಮನೆಗೇ ಸಲ್ಲಿಸುತ್ತೇವೆ. ತಿಂಗಳಿಗೆ 2,500, ವರ್ಷಕ್ಕೆ 30,000, ಐದು ವರ್ಷಗಳಲ್ಲಿ 1,50,000. ಅದರಲ್ಲಿ ಸಣ್ಣಪುಟ್ಟ ದುರಸ್ತಿಗಳಿಗೆ 38,000 ಹೋಗಿ 1,12,000 ಉಳಿದಿತ್ತು. ಕೊಳವೆಯ ಖರ್ಚು ಕಳೆದು ಇನ್ನೂ 15,500 ಕೈಯಲ್ಲಿತ್ತು. ಕೆಲಸ ನಡೆದ ಹದಿನೈದು ದಿನ ಅವರಿಗೆ ನಮ್ಮ ಬಚ್ಚಲನ್ನು ಬಿಟ್ಟುಕೊಟ್ಟು, ಅಷ್ಟು ದಿನಗಳ ಬಾಡಿಗೆ 7,500 ರೂಪಾಯಿಗಳನ್ನೂ ಬಿಟ್ಟೆವು. ಮನೆಯಾಕೆಯ ಔಷಧಕ್ಕೆ ಕೈ ತಡೆಯಲಿಲ್ಲ. ಗೋಡೆ ಒಣಗಿ ಬಣ್ಣ ಕಂಡ ಮೇಲೆ ವೃದ್ಧೆಯ ರಾತ್ರಿಯ ಕೆಮ್ಮು ಮೇಲಕ್ಕೆ ಕೇಳಿಸುವುದು ಬಹಳ ಕಡಿಮೆಯಾಯಿತು. ಇದನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುವುದೊ ತಿಳಿಯದು.

ಆದಾಯ ತೆರಿಗೆಯವರು ಬಾಡಿಗೆಯಲ್ಲಿ ಪುರಸಭೆಯ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ನೂರಕ್ಕೆ 30ರಷ್ಟನ್ನು ರಸೀತಿ ಕೇಳದೆಯೇ ಬಿಟ್ಟುಕೊಡುತ್ತಾರೆ. 1,80,000ದಲ್ಲಿ 6,000 ತೆರಿಗೆ ಹೋದರೆ, ಲೆಕ್ಕದಿಂದ ಹೊರಗುಳಿಯುವುದು 52,200. ಮನೆಯು ತನ್ನ ಪಾಲನ್ನು ಬೇಡುತ್ತದೆಂಬುದನ್ನು ಸರಕಾರವೇ ಒಪ್ಪಿರುವಾಗ ಒಡೆಯನು ಒಪ್ಪದಿರುವುದು ಸೋಜಿಗ.

ಮನೆಯುಳ್ಳವರಿಗೆ ಕೆಲವು ಮಾತುಗಳು. ಗೋಡೆ ಮುಚ್ಚುವ ಮೊದಲು ಕೊಳವೆಗಳ ಹಾದಿಯ ಛಾಯಾಚಿತ್ರವನ್ನು ತೆಗೆದಿಡಿರಿ. ಮುಂದೆ ಮೊಳೆ ಹೊಡೆಯುವವನಿಗೆ ಅದೇ ದೀಪ. ನೀರು ನಿಲ್ಲಿಸುವ ತಿರುಗಣೆ ಎಲ್ಲಿದೆಯೆಂಬುದನ್ನು ಮನೆಮಂದಿಗೆಲ್ಲ ತೋರಿಸಿಕೊಡಿರಿ. ಮುಂಗಾರಿಗೆ ಮುನ್ನ ತಾರಸಿಯ ನೀರಿನ ಕಂಡಿಗಳನ್ನು ಶುದ್ಧಮಾಡಿಸಿರಿ. ಬಾಡಿಗೆಗಿರುವ ಗೃಹಿಣಿಯರಲ್ಲಿಯೂ ಒಂದು ವಿನಂತಿ: ತೊಟ್ಟಿಕ್ಕುವ ಸದ್ದು ಮೊದಲು ಕೇಳುವುದು ನಿಮ್ಮ ಕಿವಿಗೆ. ಆ ದಿನವೇ ತಿಳಿಸಿರಿ. ಒಡೆಯನು ಮುಖ ಗಂಟಿಕ್ಕಿದರೂ ತಿಳಿಸಿರಿ. ಇಂದು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸವು ಮುಂದಿನ ವರ್ಷ ಸಾವಿರವನ್ನು ಬೇಡುತ್ತದೆ. ಬೇಡುವಾಗ ನಿಮ್ಮದು, ನಮ್ಮದು ಎಂದು ವಿಚಾರಿಸುವುದಿಲ್ಲ.