ಟೈರಿನ ಬೆನ್ನು

ಟೈರಿನ ಕೊನೆಯ ಒಂದು ಗೇಣು ರಿಮ್ಮಿನೊಳಗೆ ಜಾರುವ ಕ್ಷಣ ಇದೆಯಲ್ಲ, ಅದಕ್ಕಾಗಿಯೇ ನಾನು ಟೈರು ಬದಲಿಸುವ ಕೆಲಸವನ್ನು ಪಂಚರ್ ಅಂಗಡಿಗೆ ಬಿಡುವುದಿಲ್ಲ. ಸುತ್ತಲೂ ಮುಕ್ಕಾಲು ಪಾಲು ಸಲೀಸಾಗಿ ಒಳಗೆ ಕೂತಿರುತ್ತದೆ. ಉಳಿದ ಆ ಗೇಣಿನಷ್ಟು ಮಾತ್ರ ಬಿಗಿದುಕೊಂಡು ರಿಮ್ಮಿನ ಮೇಲೆ ಕೂತುಬಿಡುತ್ತದೆ. ಅಂಗೈ ಕೆಂಪಾಗುವಷ್ಟು ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಅಲ್ಲಿ ಬಲ ಹಾಕಿ ಪ್ರಯೋಜನವಿಲ್ಲ. ಎದುರು ಬದಿಗೆ ಬಂದು, ಮಂಡಿಯೂರಿ, ಆ ಕಡೆಯ ಅಂಚನ್ನು ರಿಮ್ಮಿನ ನಡುವೆ ಇರುವ ಹಳ್ಳಕ್ಕೆ ತುಳಿದು ಇಳಿಸಬೇಕು. ಆಗ ಈ ಬದಿಯಲ್ಲಿ ಎರಡು ಬೆರಳಿನಷ್ಟು ಸಡಿಲ ಸಿಗುತ್ತದೆ. ಲಿವರನ್ನು ಒಮ್ಮೆ ಮೆಲ್ಲಗೆ ಎತ್ತಿದರೆ ಟಪ್ ಎಂದು ಒಳಗೆ.

ಟೈರಿನ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆ ಇರುತ್ತದೆ. ಅದಕ್ಕೆ ಬೀಡ್ ಅನ್ನುತ್ತಾರೆ. ಅದು ಹಿಗ್ಗುವುದಿಲ್ಲ, ಹಿಗ್ಗಲೂಬಾರದು. ಹಿಗ್ಗಿದರೆ ಗಾಳಿ ತುಂಬಿದೊಡನೆ ಟೈರು ರಿಮ್ಮಿನಿಂದ ಹಾರಿಹೋಗುತ್ತದೆ. ಹಿಗ್ಗದ ಬಳೆಯನ್ನು ಅದಕ್ಕಿಂತ ದೊಡ್ಡ ಅಂಚಿನ ಮೇಲಿಂದ ದಾಟಿಸುವುದು ಹೇಗೆ? ಲಂಡನ್ನಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ 1890ರಲ್ಲಿ ಇದಕ್ಕೆ ದಾರಿ ಕಂಡುಹಿಡಿದ: ರಿಮ್ಮಿನ ನಡುವೆ ಹಳ್ಳ ಮಾಡಿ, ಒಂದು ಬದಿ ಹಳ್ಳಕ್ಕೆ ಇಳಿದರೆ ಇನ್ನೊಂದು ಬದಿ ದಾಟುವಂತೆ ಮಾಡಿದ. ಅದಕ್ಕೂ ಎರಡು ವರ್ಷ ಮೊದಲು ಡನ್‌ಲಪ್ ಗಾಳಿಯ ಟೈರು ತಂದಿದ್ದರೂ, ಅದನ್ನು ಕ್ಯಾನ್ವಾಸ್ ಬಟ್ಟೆ ಸುತ್ತಿ ಚಕ್ರಕ್ಕೆ ಅಂಟಿಸುತ್ತಿದ್ದರು. ಪಂಚರ್ ಆದರೆ ಎಲ್ಲವನ್ನೂ ಕಿತ್ತು ಮತ್ತೆ ಮೊದಲಿನಿಂದ. ಹೊಗಳಿಕೆಯೆಲ್ಲ ಡನ್‌ಲಪ್‌ಗೆ ಹೋಯಿತು. ರಸ್ತೆ ಬದಿಯಲ್ಲಿ ಕೂತು ಟೈರ್ ಬಿಚ್ಚುವವರು ನೆನೆಯಬೇಕಾದದ್ದು ವೆಲ್ಚನನ್ನು ಎಂದು ನನಗೆ ಅನ್ನಿಸುತ್ತದೆ.

ಕೊಯಮತ್ತೂರಿನ ಹತ್ತಿರದ ಸೂಲೂರಿನಲ್ಲಿ, ತಿರುಚ್ಚಿ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ನಾವು ದೇವಾಂಗರು, ನೇಯುವವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹಿಂದಿನ ಕೋಣೆಯಲ್ಲಿ ಒಂದು ಕಾಲಕ್ಕೆ ಕೈಮಗ್ಗ ಇತ್ತು. ಈಗ ಅದೇ ಜಾಗದಲ್ಲಿ ನನ್ನ ಹಳೆಯ ಬುಲೆಟ್ ನಿಲ್ಲುತ್ತದೆ. ಮಗ್ಗ ಹೋದರೂ ಲಾಳಿಯೊಂದು ಉಳಿದಿದೆ. ಆಯುಧಪೂಜೆಯ ದಿನ ಅವ್ವ ಅದಕ್ಕೆ ಕುಂಕುಮ ಇಡುವಾಗ ಪಕ್ಕದಲ್ಲಿ ಸಾಲಾಗಿ ಇಟ್ಟ ನನ್ನ ಟೈರ್ ಲಿವರುಗಳಿಗೂ ಇಡುತ್ತಾಳೆ. ಅವಳಿಗೆ ಅದರಲ್ಲಿ ಭೇದವಿಲ್ಲ. ನನಗೂ ಇಲ್ಲ, ಯಾಕೆಂದರೆ ಟೈರು ಮೂಲತಃ ಬಟ್ಟೆ.

ಸವೆದುಹೋದ ಹಳೆಯ ಟೈರನ್ನು ಕೊಯ್ದು ನೋಡಿದವರಿಗೆ ಇದು ಗೊತ್ತು. ರಬ್ಬರಿನ ಒಳಗೆ ಒಂದರ ಮೇಲೊಂದು ನೈಲಾನ್ ನೂಲಿನ ಪದರಗಳು. ಮೊದಮೊದಲು ಮಗ್ಗದಲ್ಲಿ ನೇಯ್ದ ಹತ್ತಿಯ ಕ್ಯಾನ್ವಾಸನ್ನೇ ಹಾಕುತ್ತಿದ್ದರು. ಅದರಲ್ಲಿ ಹಾಸಿನ ಎಳೆ ಹೊಕ್ಕಿನ ಎಳೆಯ ಮೇಲೆ ಕೆಳಗೆ ಹಾಯುತ್ತದೆ. ಚಕ್ರ ಉರುಳಿದಂತೆ ಟೈರು ಪ್ರತಿ ಸುತ್ತಿಗೂ ನೆಲದ ಹತ್ತಿರ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದಲ್ಲ, ಆ ಪ್ರತಿ ಸಲವೂ ಎಳೆ ಎಳೆಯನ್ನು ಉಜ್ಜಿ ಗರಗಸದಂತೆ ಕೊಯ್ಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ ಪಾಮರ್ ಹೊಕ್ಕನ್ನೇ ತೆಗೆದುಹಾಕಿದ. ಬರೀ ಹಾಸಿನ ಎಳೆಗಳ ಒಂದು ಪದರ, ಅದರ ಮೇಲೆ ರಬ್ಬರು, ಅದರ ಮೇಲೆ ಎದುರು ಓರೆಗೆ ಇನ್ನೊಂದು ಪದರ. ಎಳೆಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ನೇಯುವವರ ಮನೆಯಲ್ಲಿ ಹುಟ್ಟಿದ ನನಗೆ ಇದು ಮೊದಲ ಸಲ ತಿಳಿದಾಗ ರೋಮಾಂಚನವಾಗಿತ್ತು. ಹೊಕ್ಕಿಲ್ಲದ ಬಟ್ಟೆ! ನಮ್ಮ ಬುಲೆಟ್ಟಿನಂಥ ಗಾಡಿಗಳ ಟೈರು ಇವತ್ತಿಗೂ ಇದೇ ಓರೆ ಪದರದ ಕ್ರಮದಲ್ಲಿದೆ. ಕಾರುಗಳಲ್ಲಿ ಮಾತ್ರ ಮಿಷೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಬಂದು ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡ ಹಾಯ್ದವು. ಮೇಲೆ ಉಕ್ಕಿನ ಪಟ್ಟಿ ಬಿತ್ತು. ಪಕ್ಕ ಮೆತ್ತಗೆ, ನೆಲ ಮುಟ್ಟುವ ಬೆನ್ನು ಗಟ್ಟಿ.

ಬುಲೆಟ್ಟಿನ ಹಿಂದಿನ ಚಕ್ರ ಬಿಚ್ಚುವುದೇ ಒಂದು ಸುಖ. ಹಳೆಯ ಗಾಡಿಗಳಲ್ಲಿ ಆಕ್ಸಲ್ ಎಳೆದು, ನಡುವಿನ ತುಂಡು ತೆಗೆದರೆ ಚಕ್ರ ಒಂದೇ ಪಕ್ಕಕ್ಕೆ ಸರಿದು ಈಚೆ ಬರುತ್ತದೆ. ಚೈನು, ಸ್ಪ್ರಾಕೆಟ್, ಬ್ರೇಕ್ ಡ್ರಮ್ ಎಲ್ಲ ಇದ್ದಲ್ಲೇ ಇರುತ್ತವೆ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಸ್ವಲ್ಪ ವಾಲಿಸಿ ಹಿಡಿಯಲು ಇನ್ನೊಬ್ಬರು ಬೇಕು, ಅಷ್ಟೆ. ಆಮೇಲೆ ವಾಲ್ವಿನ ಪಿನ್ನು ತೆಗೆದು ಗಾಳಿ ಪೂರ್ತಿ ಬಿಡುವುದು, ಕಾಲಿನಿಂದ ತುಳಿದು ಬೀಡನ್ನು ರಿಮ್ಮಿನಿಂದ ಬಿಡಿಸುವುದು, ಸೋಪು ನೀರು ಸವರುವುದು. ಹೊಸ ಟೈರನ್ನು ಅರ್ಧ ಗಂಟೆ ಬಿಸಿಲಿಗೆ ಇಟ್ಟಿರಬೇಕು. ಚಿತ್ತಿರೆ ತಿಂಗಳ ಸೂಲೂರಿನ ಬಿಸಿಲಿಗೆ ಅರ್ಧ ಗಂಟೆಯೂ ಬೇಡ. ರಬ್ಬರು ಬೆಚ್ಚಗಾಗಿ ಕೈಗೆ ಬಗ್ಗುತ್ತದೆ. ಸ್ಪೋಕ್ ಕಡ್ಡಿಗಳ ತಲೆ ಟ್ಯೂಬಿಗೆ ಚುಚ್ಚದಂತೆ ರಿಮ್ ಟೇಪು ಸರಿಯಾಗಿದೆಯೇ ಎಂದು ಬೆರಳು ಆಡಿಸಿ ನೋಡುವುದು. ಟ್ಯೂಬಿಗೆ ಮುಖದ ಪೌಡರು ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ಊದಿ ಒಳಗೆ ಸೇರಿಸುವುದು. ಟೈರಿನ ಮೈಮೇಲೆ ತಿರುಗುವ ದಿಕ್ಕಿಗೆ ಬಾಣ ಇರುತ್ತದೆ. ಬಣ್ಣದ ಚುಕ್ಕೆ ಇದ್ದರೆ ಅದು ಸಾಮಾನ್ಯವಾಗಿ ಟೈರಿನ ಹಗುರ ಜಾಗ, ಅದನ್ನು ವಾಲ್ವಿನ ನೇರಕ್ಕೆ ಇಡಬೇಕು. ನಾಲ್ಕು ಅಂಕಿಯ ಒಂದು ಸಂಖ್ಯೆಯೂ ಇರುತ್ತದೆ: 3523 ಎಂದಿದ್ದರೆ 2023ರ 35ನೆಯ ವಾರ ತಯಾರಾದದ್ದು. ಅಂಗಡಿಯವರು ಹೇಳಲಿ ಬಿಡಲಿ, ಕೊಳ್ಳುವ ಮೊದಲು ನಾನು ಅದನ್ನು ಓದುತ್ತೇನೆ.

ಈ ಊರಿನ ಮಣ್ಣಿನಲ್ಲೇ ಬಿಚ್ಚಿ ನೋಡುವ ಹಂಬಲ ಇದೆ ಎಂದು ನಾನು ನಂಬಿದ್ದೇನೆ. ಸಂಶೋಧಕ, ಉದ್ಯಮಿ ಜಿ.ಡಿ. ನಾಯ್ಡು ಹುಟ್ಟಿದ್ದು ಇಲ್ಲೇ ಪಕ್ಕದ ಕಲಂಗಲ್‌ನಲ್ಲಿ, 1893ರಲ್ಲಿ. ಬ್ರಿಟಿಷ್ ಕಂದಾಯ ಅಧಿಕಾರಿಯೊಬ್ಬ ರಡ್ಜ್ ಮೋಟರ್ ಸೈಕಲ್ಲಿನಲ್ಲಿ ಹೋಗುವುದನ್ನು ಕಂಡ ಹುಡುಗ, ಅದರ ಮೋಹಕ್ಕೆ ಬಿದ್ದು ಕೊಯಮತ್ತೂರಿಗೆ ಹೋಗಿ ಹೋಟೆಲಿನಲ್ಲಿ ಮಾಣಿಯಾಗಿ ದುಡಿದು, ದುಡ್ಡು ಕೂಡಿಸಿ ಅದನ್ನು ಕೊಂಡ. ಕೊಂಡ ಮೇಲೆ ಮಾಡಿದ ಮುಖ್ಯ ಕೆಲಸವೆಂದರೆ ಬಿಚ್ಚಿ ಹರಡಿ ಮತ್ತೆ ಜೋಡಿಸಿದ್ದು. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದು ಬಸ್ಸು ಓಡಿಸಲು ಶುರುಮಾಡಿದರು. ಅದು ಬೆಳೆದು ಯುಎಂಎಸ್ ಎಂಬ ಬಸ್ ಕಂಪನಿ ಆಯಿತು. 1937ರಲ್ಲಿ ಬಾಲಸುಂದರಂ ನಾಯ್ಡು ಅವರ ಜೊತೆ ಸೇರಿ ವಿದ್ಯುತ್ ಮೋಟರು ತಯಾರಿಸಿದ್ದೂ ಅವರೇ. ಕೊಯಮತ್ತೂರಿನ ಪಂಪು, ಗ್ರೈಂಡರುಗಳ ಸಾಮ್ರಾಜ್ಯಕ್ಕೆಲ್ಲ ಆ ಕಲಂಗಲ್ ಹುಡುಗನ ರಡ್ಜ್ ಗಾಡಿಯೂ ಒಂದು ಬೇರು.

ಆ ಹಂಬಲ ಈಗಿನ ಹುಡುಗರಲ್ಲೂ ಇದೆ. ಬೈಕಿಗೆ ಕಾರ್ ಟೈರು ಹಾಕುವ ಯೋಚನೆ ನನ್ನ ಬಾಗಿಲಿಗೆ ಬಂದದ್ದು ಹಾಗೆಯೇ. ಪಕ್ಕದ ಬೀದಿಯ ಹುಡುಗ, ಸೋಮನೂರಿನ ಪವರ್‌ಲೂಮ್ ಒಂದರಲ್ಲಿ ಕೆಲಸ, ತನ್ನ ಅವೆಂಜರ್ ಬೈಕ್ ತಳ್ಳಿಕೊಂಡು ಬಂದ.

"ಮಾಮ, ಇದರ ಹಿಂದಿನ ಚಕ್ರ 15 ಇಂಚು. ಕಾರಿಂದೂ 15 ಇಂಚು ಬರ್ತದಲ್ಲ. ಹಾಕ್ಬಿಟ್ರೆ? ಇದು ವರ್ಷ ತುಂಬೋದ್ರೊಳಗೆ ಸವೀತದೆ. ಕಾರಿಂದು ಮೂರು ನಾಕು ವರ್ಷ ಬರ್ತದೆ ಅಂತಾರೆ."

"ಬರ್ತದಪ್ಪ, ನಿಜ. ಮೊದ್ಲು ಅಳತೆ ನೋಡಾಣ, ಟೇಪ್ ತಗೊಂಬಾ."

ಹುಡುಗನ ಪ್ರಶ್ನೆ ತಪ್ಪಲ್ಲ. ಅಮೆರಿಕದಲ್ಲಿ ಹೋಂಡಾ ಗೋಲ್ಡ್ ವಿಂಗ್ ಓಡಿಸುವವರಲ್ಲಿ ಹಲವರು 180/60 ಅಳತೆಯ 16 ಇಂಚಿನ ಹಿಂದಿನ ಟೈರು ತೆಗೆದು 195/55 ಅಳತೆಯ ಕಾರ್ ಟೈರು ಹಾಕಿ ಸಾವಿರಾರು ಮೈಲಿ ಓಡಿಸುತ್ತಾರೆ. ತಯಾರಕರು ಯಾರೂ ಒಪ್ಪುವುದಿಲ್ಲ. ಹಾಕಿಕೊಂಡವರು ಅದರ ಗುಣಗಾನ ನಿಲ್ಲಿಸುವುದಿಲ್ಲ. ದೂರದ ನೇರ ದಾರಿಯಲ್ಲಿ ಭಾರದ ಗಾಡಿ ಓಡಿಸುವವರಿಗೆ ಅದರಲ್ಲಿ ಉಳಿತಾಯವಿದೆ ಎಂಬುದನ್ನು ನಾನು ಅಲ್ಲಗಳೆಯಲಾರೆ.

ಅವೆಂಜರಿನ ಹಿಂದಿನ ಟೈರು 130/90-15. ನಮ್ಮಲ್ಲಿ ಸುಲಭವಾಗಿ ಸಿಗುವ 15 ಇಂಚಿನ ಕಾರ್ ಟೈರು 175 ಮಿಲಿಮೀಟರ್ ಅಗಲದ್ದು. ಅದು ಕೂರಬೇಕಾದದ್ದು 5 ಇಂಚಿಗೆ ಕಡಿಮೆಯಿಲ್ಲದ ರಿಮ್ಮಿನ ಮೇಲೆ. ಇವನ ರಿಮ್ಮಿನ ಅಗಲ ಅದರ ಮುಕ್ಕಾಲೂ ಇಲ್ಲ. ಒಂದು ಬದಿಯಲ್ಲಿ ಚೈನು, ಇನ್ನೊಂದು ಬದಿಯಲ್ಲಿ ಸ್ವಿಂಗ್ ಆರ್ಮ್. ಟೇಪು ಹಿಡಿದಾಗ ಹುಡುಗನ ಮುಖ ಸಣ್ಣದಾಯಿತು. ಜಾಗ ಇದ್ದಿದ್ದರೂ ಬೀಡಿನ ತಕರಾರು ಇದ್ದೇ ಇತ್ತು. 15 ಇಂಚು ಎಂದು ಎರಡರ ಮೇಲೂ ಬರೆದಿದ್ದರೂ ಕಾರಿನ ಬೀಡಿನ ಆಕಾರ ಬೇರೆ, ಅದು ಒರಗುವ ರಿಮ್ಮಿನ ಅಂಚಿನ ಆಕಾರ ಬೇರೆ. ಹೊಂದದ ಬೀಡನ್ನು ಕೂರಿಸಲು ಹೆಚ್ಚು ಹೆಚ್ಚು ಗಾಳಿ ತುಂಬುತ್ತಾ ಹೋಗುವುದು ಜೀವಕ್ಕೆ ಅಪಾಯ. ಬೀಡ್ ಕೂರಿಸುವಾಗ 40 ಪಿಎಸ್‌ಐ ದಾಟಬೇಡಿ ಎಂದು ಎಷ್ಟೋ ಟೈರುಗಳ ಮೈಮೇಲೆ ಅಚ್ಚು ಹಾಕಿರುವುದು ಸುಮ್ಮನೆ ಅಲ್ಲ.

ಇದೆಲ್ಲಕ್ಕಿಂತ ನನಗೆ ಮುಖ್ಯವಾದದ್ದು ಟೈರಿನ ಬೆನ್ನು. ಬೈಕಿನ ಟೈರಿನ ಬೆನ್ನು ದುಂಡಗೆ, ಕಾರಿನದು ಮಟ್ಟಸ. ಬೈಕು ತಿರುಗುವುದೇ ವಾಲುವುದರಿಂದ. ಊಟದ ಹೊತ್ತಿಗೆ ನೀರಿಡುವ ಸ್ಟೀಲ್ ಲೋಟವನ್ನು ನೆಲದ ಮೇಲೆ ಉರುಳಿಸಿ ನೋಡಿ: ಅದು ನೇರ ಹೋಗುವುದಿಲ್ಲ, ಕಿರಿದಾದ ತಳದ ಕಡೆಗೆ ಸುತ್ತುತ್ತದೆ. ವಾಲಿದ ದುಂಡು ಟೈರಿನಲ್ಲೂ ನೆಲ ಮುಟ್ಟುವ ಜಾಗ ಹಾಗೆಯೇ, ನಡುವಿನ ಕಡೆ ಸುತ್ತಳತೆ ದೊಡ್ಡದು, ಅಂಚಿನ ಕಡೆ ಚಿಕ್ಕದು. ಹಾಗಾಗಿ ವಾಲಿದ ಕಡೆಗೆ ಟೈರೇ ಗಾಡಿಯನ್ನು ಎಳೆದುಕೊಂಡು ಹೋಗುತ್ತದೆ. ಕಾರ್ ಟೈರಿಗೆ ಇದು ಬೇಕಿಲ್ಲ. ಅದು ನೆಟ್ಟಗೆ ನಿಂತೇ, ರಬ್ಬರನ್ನು ಸ್ವಲ್ಪ ತಿರುಚಿಕೊಂಡು ತಿರುಗುತ್ತದೆ. ಅದನ್ನು ಬೈಕಿಗೆ ಹಾಕಿ ವಾಲಿಸಿದರೆ ಮಟ್ಟಸ ಬೆನ್ನು ನೆಟ್ಟಗಾಗಲು ಒದ್ದಾಡುತ್ತದೆ. ಹ್ಯಾಂಡಲನ್ನು ತಿರುವಿನುದ್ದಕ್ಕೂ ಒತ್ತಿ ಹಿಡಿಯಬೇಕು. ಒಂದು ಬದಿಯ ಅಂಚಿನ ಮೇಲೆ ಮಾತ್ರ ನಿಂತ ಗಾಡಿಗೆ ರಸ್ತೆಯ ಪ್ರತಿ ಗುಂಡಿ, ಪ್ರತಿ ಡಾಂಬರಿನ ತೇಪೆ ತಟ್ಟುತ್ತದೆ.

ಮಟ್ಟಸ ಬೆನ್ನಿನ ರುಚಿ ನೋಡಲು ಕಾರ್ ಟೈರೇ ಬೇಕಿಲ್ಲ. ಸೂಲೂರಿನಿಂದ ಪಲ್ಲಡಂ ಕಡೆಗೆ ಹೆದ್ದಾರಿಯಲ್ಲಿ ದಿನವೂ ನೇರ ಓಡುವ ಯಾವುದೇ ಬೈಕಿನ ಹಿಂದಿನ ಟೈರನ್ನು ಮಂಡಿಯೂರಿ ನೋಡಿ. ನಡು ಸವೆದು ಮಟ್ಟಸವಾಗಿರುತ್ತದೆ, ಎರಡು ಅಂಚುಗಳಲ್ಲಿ ಹೊಸ ರಬ್ಬರಿನ ಕೂದಲು ಇನ್ನೂ ನಿಂತಿರುತ್ತದೆ. ಅಂಥ ಗಾಡಿ ತಿರುವಿನಲ್ಲಿ ಮೊದಲು ಹಟ ಮಾಡಿ, ಆಮೇಲೆ ಒಮ್ಮೆಲೇ ಬೀಳುವಂತೆ ವಾಲುತ್ತದೆ. ಹೊಸ ಟೈರು ಹಾಕಿದ ದಿನ ಗಾಡಿ ಹಗುರಾಯಿತು ಎಂದು ಎಲ್ಲರೂ ಹೇಳುವುದು ಇದಕ್ಕೇ. ಚೆಟ್ಟಿಪಾಳಯಂನ ಕರಿ ಮೋಟರ್ ಸ್ಪೀಡ್‌ವೇಗೆ ಹೋದರೆ ಇದರ ಇನ್ನೊಂದು ಮುಖ ಕಾಣುತ್ತದೆ. ರೇಸಿಂಗ್ ಕಾರು ಕಟ್ಟುವುದಕ್ಕೇ ಬದುಕು ಕೊಟ್ಟು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರಿನ ಆ ಟ್ರ್ಯಾಕ್ 2003ರಲ್ಲಿ ಶುರುವಾಯಿತು. ಅಲ್ಲಿ ಬೈಕ್ ರೇಸ್ ಮುಗಿದ ಮೇಲೆ ಬೇಲಿಯ ಈಚೆಯಿಂದ ಟೈರುಗಳನ್ನು ನೋಡುವುದು ನನಗೆ ರೇಸಿನಷ್ಟೇ ಇಷ್ಟ. ಅಂಚಿನ ಕೊನೆಯ ಎಳೆವರೆಗೂ ರಬ್ಬರು ಸುಟ್ಟು ಉಂಡೆಗಟ್ಟಿರುತ್ತದೆ. ದುಂಡು ಬೆನ್ನಿನ ಪೂರ್ತಿ ಅಗಲವೂ ಕೆಲಸಕ್ಕೆ ಬಂದಿರುತ್ತದೆ.

ಹಾಗಾದರೆ ಕಾರ್ ಟೈರಿಗೆ ಮೋಟರ್ ಸೈಕಲ್ಲಿನಲ್ಲಿ ಜಾಗವೇ ಇಲ್ಲವೇ? ಇದೆ, ಸೈಡ್‌ಕಾರ್ ಇರುವಲ್ಲಿ. ಸೈಡ್‌ಕಾರ್ ಕಟ್ಟಿದ ಗಾಡಿ ವಾಲುವುದೇ ಇಲ್ಲ. ಅಲ್ಲಿ ದುಂಡು ಬೆನ್ನು ದಂಡ. ಎಳೆಯುವ ಭಾರವೆಲ್ಲ ಬೆನ್ನಿನ ನಡುವಿನ ಸಣ್ಣ ಪಟ್ಟಿಯ ಮೇಲೆ ಬಿದ್ದು ಹಿಂದಿನ ಟೈರು ಬೇಗ ಬೋಳಾಗುತ್ತದೆ. ಯುರೋಪಿನಲ್ಲಿ ಸೈಡ್‌ಕಾರ್ ಕಟ್ಟುವವರು ಹಿಂದಿನ ಹಬ್ಬಿಗೆ 15 ಇಂಚು ವ್ಯಾಸದ ಅಗಲವಾದ ರಿಮ್ಮು ಕಡ್ಡಿ ಕಟ್ಟಿ, ಸಿಟ್ರೊಯೆನ್ 2ಸಿವಿ ಕಾರಿನ 125 ಮಿಲಿಮೀಟರಿನ ಕಿರಿದಾದ ಟೈರು ಹಾಕುವುದು ಬಹಳ ಹಿಂದಿನಿಂದ ಇದೆ. ಅದಕ್ಕೆ ಹೊಂದುವ ರಿಮ್ಮು, ಹೊಂದುವ ಬೀಡು, ನೆಟ್ಟಗೆ ನಿಲ್ಲುವ ಗಾಡಿ. ಅಲ್ಲಿ ಕಾರ್ ಟೈರು ತನ್ನ ಮನೆಯಲ್ಲೇ ಇದೆ. ನನ್ನ ಬುಲೆಟ್ಟಿಗೂ ಎಡಗಡೆ ಒಂದು ಸೈಡ್‌ಕಾರ್ ಕಟ್ಟಬೇಕು, ಅವ್ವನನ್ನು ಅದರಲ್ಲಿ ಕೂರಿಸಿಕೊಂಡು ವಿಜಯದಶಮಿಗೆ ಕೊಯಮತ್ತೂರಿನ ಚೌಡೇಶ್ವರಿಯ ಅಲಗು ಸೇವೆಗೆ ಹೋಗಬೇಕು ಎಂಬ ಆಸೆ ಇದೆ. ಆರ್‌ಸಿಯಲ್ಲಿ ಬರೆಸಿಯೇ ಕಟ್ಟಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಗಾಡಿಯ ರೂಪ ಬದಲಿಸುವುದನ್ನು ಹಾಗೇ ಬಿಡುವುದಿಲ್ಲ, ಬಿಡಲೂಬಾರದು. ಅವತ್ತು 15 ಇಂಚಿನ ರಿಮ್ಮಿಗೆ ಕಡ್ಡಿ ಕಟ್ಟುವವನೂ ಕಾರ್ ಟೈರು ಕೂರಿಸುವವನೂ ನಾನೇ.

ಹುಡುಗ ಕೊನೆಗೆ ಅವೆಂಜರಿಗೆ ಅದರ ಅಳತೆಯ ಬೈಕ್ ಟೈರನ್ನೇ ತಂದ. ಹಳೆಯದನ್ನು ನಾನು ಬಿಚ್ಚಿದೆ, ಹೊಸದನ್ನು ಅವನ ಕೈಯಲ್ಲೇ ಕೂರಿಸಿದೆ. ಕೊನೆಯ ಗೇಣಿಗೆ ಬಂದಾಗ ಅವನೂ ಲಿವರಿನ ಮೇಲೆ ಮೈಭಾರ ಹಾಕಲು ಹೊರಟ. "ಎದುರು ಕಡೆ ತುಳಿಯಪ್ಪ, ಹಳ್ಳಕ್ಕೆ ಇಳಿಸು" ಅಂದೆ. ಇಳಿಸಿದ. ಟಪ್ ಅಂದಾಗ ಅವನು ತಲೆಯೆತ್ತಿ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನು ಇನ್ನಷ್ಟು ಹುಡುಗರ ಮುಖದಲ್ಲಿ ನೋಡಬೇಕು ಅನ್ನಿಸಿತು. ಚೈನು ಬಿಗಿ ನೋಡಿ, ಎರಡೂ ಬದಿಯ ಗುರುತು ಸಮ ಮಾಡಿ, ಆಕ್ಸಲ್ ನಟ್ಟು ಬಿಗಿದೆವು. ಹೊಸ ರಬ್ಬರಿನ ಮೇಲ್ಮೈ ನುಣುಪು, ಮೊದಲ ನೂರು ಕಿಲೋಮೀಟರು ಜೋರಾಗಿ ವಾಲಿಸಬೇಡ, ಅದಾದ ಮೇಲೆ ಗಾಡಿ ತಗೊಂಬಾ, ಚೈನು ಇನ್ನೊಂದು ಸಲ ನೋಡೋಣ ಎಂದು ಹೇಳಿ ಕಳಿಸಿದ್ದೇನೆ.