ಕಾರ್ಗಿಲಿನಿಂದ ಲೇಹಿಗೆ ಒಂದು ಹಗಲಿನ ಪಯಣ

ಲಡಾಖಿನ ಬೋಳು ಬೆಟ್ಟಗಳನ್ನೂ ಅಚ್ಚನೀಲಿಯ ಆಕಾಶವನ್ನೂ ಚಿತ್ರಗಳಲ್ಲಿ ಕಾಣದವರು ವಿರಳ. ಆದರೆ ಆ ದಾರಿಯಲ್ಲಿ ಒಂದು ಹಗಲನ್ನು ಕಳೆದವರಿಗೆ, ಚಿತ್ರಗಳು ಹೇಳದ ಸಂಗತಿಯೊಂದು ಮನಸ್ಸಿಗೆ ಬರುವುದು: ಅಲ್ಲಿ ಹಸುರೆಂಬುದು ತಾನಾಗಿ ಹುಟ್ಟುವಂಥದಲ್ಲ, ಮನುಷ್ಯನು ನೀರನ್ನು ನಡೆಸಿಕೊಂಡು ಹೋದಷ್ಟು ದೂರ ಮಾತ್ರ ಅದು ಹರಡಿರುವುದು.

ಜುಲೈ ತಿಂಗಳ ಕೊನೆಯ ಒಂದು ಮುಂಜಾನೆ ನಾವು ಕಾರ್ಗಿಲಿನಿಂದ ಮೋಟಾರಿನಲ್ಲಿ ಹೊರಟೆವು. ಲೇಹ್ ಪಟ್ಟಣಕ್ಕೆ ಅಲ್ಲಿಂದ ಸುಮಾರು 215 ಕಿಲೋಮೀಟರು. ಬಿಸಿಲೇರುವಷ್ಟರಲ್ಲಿ ಮುಲ್ಬೆಖ್ ಗ್ರಾಮವು ಬಂದಿತು. ರಸ್ತೆಯ ಅಂಚಿನ ಒಂದು ಹೆಬ್ಬಂಡೆಯಲ್ಲಿ, ಮುಂದೆ ಅವತರಿಸಲಿರುವ ಬುದ್ಧನೆಂದು ಬೌದ್ಧರು ನಂಬುವ ಮೈತ್ರೇಯನ ಮೂರ್ತಿಯನ್ನು ಕಡೆದಿರುವರು. ನಾಲ್ಕು ಕೈಗಳುಳ್ಳ ಆ ಮೂರ್ತಿಯ ಎತ್ತರವು ಸುಮಾರು 30 ಅಡಿ. ಅದರ ಮುಖದ ಶಾಂತಿಯನ್ನು ನೋಡುತ್ತ ನಾವು ಬಹಳ ಹೊತ್ತು ನಿಂತೆವು.

ಅಲ್ಲಿಂದ ಮುಂದೆ ದಾರಿಯು ಸುತ್ತಿಸುತ್ತಿ ಮೇಲೇರುವುದು. ಶ್ರೀನಗರದಿಂದ ಲೇಹಿಗೆ ಹೋಗುವ ಈ ಹೆದ್ದಾರಿಯಲ್ಲಿ ಎಲ್ಲಕ್ಕಿಂತ ಎತ್ತರದ ಕಣಿವೆ ಫೋಟು ಲಾ, 4,108 ಮೀಟರು. ಅಲ್ಲಿ ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುವುದು. ಕಣ್ಣು ಹಾಯುವವರೆಗೂ ಒಂದು ಹುಲ್ಲೆಸಳಿಲ್ಲ. ಹಿಮಾಲಯದ ಸಾಲು ಮುಂಗಾರಿನ ಮೋಡಗಳನ್ನು ದಕ್ಷಿಣದಲ್ಲಿಯೇ ತಡೆದುಬಿಡುವುದರಿಂದ, ಲೇಹಿನಲ್ಲಿ ವರ್ಷವಿಡೀ ಬೀಳುವ ಮಳೆ ನಾಲ್ಕು ಅಂಗುಲದಷ್ಟು ಮಾತ್ರ. ನಮ್ಮ ಮಲೆನಾಡಿನಲ್ಲಿ ಒಂದೇ ದಿನ ಸುರಿದುಬಿಡುವಷ್ಟು!

ಇಳಿಜಾರಿನಲ್ಲಿ ಲಾಮಾಯುರು ಮಠವು ಕಾಣಿಸಿತು. ಅದರ ಸುತ್ತ ಹಳದಿ ಮಣ್ಣಿನ ದಿಬ್ಬಗಳು ಅಲೆಯಲೆಯಾಗಿ ಹಬ್ಬಿವೆ. ಪೂರ್ವದಲ್ಲಿ ಇಲ್ಲೊಂದು ಸರೋವರವಿದ್ದಿತೆಂದೂ ಅದು ಬರಿದಾದ ಮೇಲೆ ಮಠವು ಎದ್ದಿತೆಂದೂ ಐತಿಹ್ಯ. ಭೂವಿಜ್ಞಾನಿಗಳೂ ಈ ಮಣ್ಣು ಹಳೆಯ ಸರೋವರದ ಹೂಳೆಂದೇ ಹೇಳುವರು.

ಖಲ್ಸಿಯ ಬಳಿ ಸಿಂಧೂನದಿಯ ದರ್ಶನವಾಯಿತು. ನಮ್ಮ ದೇಶಕ್ಕೆ ಹೆಸರು ಕೊಟ್ಟ ನದಿ! ಆದರೆ ಅದು ಆಳದ ಕಮರಿಯಲ್ಲಿ ಹರಿಯುವುದರಿಂದ, ದಡದ ಮೇಲಿನ ಊರುಗಳು ಬಹುಮಟ್ಟಿಗೆ ಬೆಟ್ಟದಿಂದಿಳಿಯುವ ಹಿಮದ ಹಳ್ಳಗಳನ್ನೇ ನಂಬಿ ಬದುಕುವುವು. ಒಂದು ಬಾರ್ಲಿ ಹೊಲದಲ್ಲಿ ವೃದ್ಧೆಯೊಬ್ಬಳು ಸಲಿಕೆಯಿಂದ ಕಾಲುವೆಯ ಮಡೆ ತಿರುಗಿಸುತ್ತಿದ್ದಳು. ನಮ್ಮ ಸಾರಥಿಯು, “ಅಬಿ ಲೇ, ಜುಲೇ” ಎಂದು ವಂದಿಸಿ ಮಾತನಾಡಿಸಿದನು. “ನಮ್ಮ ಸರದಿ ಮಧ್ಯಾಹ್ನದವರೆಗೆ ಮಾತ್ರ, ಆಮೇಲೆ ನೀರು ನೆರೆಮನೆಯವರದು” ಎಂದು ಆಕೆ ಹೇಳಿದಳೆಂದು ಅವನು ನಮಗೆ ಹಿಂದಿಯಲ್ಲಿ ತಿಳಿಸಿದನು. ಈ ಸರದಿಯನ್ನು ನೋಡಿಕೊಳ್ಳಲು ಊರಿನವರು ಒಬ್ಬನನ್ನು ನೇಮಿಸುವರು; ಅವನಿಗೆ ಚುರ್ಪೋನ್, ಎಂದರೆ ನೀರಿನ ಒಡೆಯ, ಎಂದು ಹೆಸರು. ಬೀಳ್ಕೊಡುವಾಗ ಆಕೆಯು ನಮ್ಮ ಬೊಗಸೆಗೆ ಮಾಗಿದ ಏಪ್ರಿಕಾಟ್ ಹಣ್ಣುಗಳನ್ನು ಸುರಿದಳು.

ನಿಮ್ಮುವಿನಲ್ಲಿ ಝಂಸ್ಕಾರ್ ನದಿಯು ಸಿಂಧುವನ್ನು ಕೂಡುವ ಸಂಗಮವನ್ನು ನೋಡಿ, ಸಂಜೆಗೆ ಫ್ಯಾಂಗ್ ಊರಿನ ಬಳಿಗೆ ಬಂದೆವು. ಬಿತ್ತನೆಗೆ ನೀರು ಬೇಕಾಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಎತ್ತರದ ಹಿಮನದಿಗಳು ಚೆನ್ನಾಗಿ ಕರಗುವುದು ಜೂನಿನ ಮೇಲೆ. ಆ ಹಿಮನದಿಗಳೂ ವರ್ಷವರ್ಷಕ್ಕೆ ಕುಗ್ಗುತ್ತಿವೆ. ಇದಕ್ಕೆ ಪರಿಹಾರವಾಗಿ ಚೆವಾಂಗ್ ನೋರ್ಫೆಲ್ ಎಂಬ ಎಂಜಿನಿಯರರು ಚಳಿಗಾಲದ ನೀರನ್ನು ಒಡ್ಡುಗಳಲ್ಲಿ ಹೆಪ್ಪುಗಟ್ಟಿಸುವ ಕ್ರಮವನ್ನು ಆರಂಭಿಸಿದರು. 2015ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. 2013-14ರ ಚಳಿಗಾಲದಲ್ಲಿ ಸೋನಮ್ ವಾಂಗ್ಚುಕರು ಹಿಮಸ್ತೂಪವನ್ನು ನಿರ್ಮಿಸಿ ತೋರಿಸಿದರು. ಮೇಲಿನ ಹಳ್ಳದ ನೀರನ್ನು ಕೊಳವೆಯಲ್ಲಿ ಇಳಿಸಿ, ಕೊರೆಯುವ ರಾತ್ರಿಯಲ್ಲಿ ಕಾರಂಜಿಯಂತೆ ಚಿಮ್ಮಿಸಿದರೆ ಅದು ಗೋಪುರದಂತೆ ಹೆಪ್ಪುಗಟ್ಟುವುದು. ಆ ಆಕಾರದಿಂದ ಬಿಸಿಲು ತಾಗುವ ಮೈ ಕಡಮೆಯಾಗಿ, ಬಿತ್ತನೆಯ ಕಾಲದವರೆಗೂ ನಿಧಾನವಾಗಿ ಕರಗುವುದು. ಫ್ಯಾಂಗಿನಲ್ಲಿಯೂ ಇಂಥ ಸ್ತೂಪಗಳನ್ನು ಕಟ್ಟಿರುವರು. ನಾವು ಹೋದಾಗ ಮಂಜು ಉಳಿದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಲೇಹ್ ಸೇರಿದೆವು. ಪ್ರವಾಸಿಗಳು ಹೆಚ್ಚಿದಂತೆ ಅಲ್ಲಿ ಕೊಳವೆಬಾವಿಗಳೂ ಹೆಚ್ಚಿವೆ. ನಾವು ತಂಗಿದ ಮನೆಯ ಗೃಹಿಣಿಯು ಸೊಪ್ಪು ತೊಳೆದ ನೀರನ್ನು ಚೆಲ್ಲದೆ ಅಂಗಳದ ಗಿಡಗಳಿಗೆ ಹೊಯ್ಯುತ್ತಿದ್ದಳು. ಆ ನಾಡಿಗೆ ಹೋಗುವ ನಮ್ಮ ವಾಚಕರು ಮಠಗಳನ್ನೂ ಕಣಿವೆಗಳನ್ನೂ ಅವಶ್ಯವಾಗಿ ನೋಡಲಿ; ಸ್ನಾನಕ್ಕೆ ಎರಡನೆಯ ಬಿಂದಿಗೆಯನ್ನು ಕೇಳುವ ಮುನ್ನ ಆ ಕಾಲುವೆಗಳನ್ನೂ ಒಮ್ಮೆ ನೆನೆಯಲಿ.