ಮೋಂಮಾರ್ತ್ರದ ಮಾಡುಗಳು

ಪ್ಯಾರಿಸ್ ನಗರದ ಉತ್ತರ ಭಾಗದಲ್ಲಿ ಸುಮಾರು 130 ಮೀಟರು ಎತ್ತರದ ಗುಡ್ಡವೊಂದಿದೆ. ಅದರ ಹೆಸರು ಮೋಂಮಾರ್ತ್ರ. 1860ರವರೆಗೆ ಅದು ನಗರಕ್ಕೆ ಸೇರದ ಹಳ್ಳಿಯಾಗಿದ್ದಿತು. ಬಾಡಿಗೆ ಕಡಮೆಯೆಂದು ಬಡ ಚಿತ್ರಕಾರರೂ ಕವಿಗಳೂ ಅಲ್ಲಿಗೆ ಬಂದು ನೆಲಸಿದರು. ಇಂಥವರ ಹಂಗಿಲ್ಲದ ಬಾಳನ್ನು ಫ್ರೆಂಚರು ‘ಬೊಹೆಮ್’ ಎನ್ನುವರು. ಅಲೆಮಾರಿ ಜಿಪ್ಸಿಗಳು ಬೊಹೀಮಿಯ ದೇಶದವರೆಂಬ ತಪ್ಪು ಎಣಿಕೆಯಿಂದ ಹುಟ್ಟಿದ ಮಾತದು.

ಸಾಕ್ರೆ ಕರ್ ದೇವಾಲಯದ ಮೆಟ್ಟಿಲುಗಳ ಮೇಲೆ ನಿಂತಾಗ ನಮ್ಮ ಕಣ್ಣು ತುಂಬಿದುದು ಮಾಡುಗಳು: ಬೂದುಬಣ್ಣದ ಸತುವಿನ ತಗಡುಗಳು, ಹೊಗೆಗೂಡುಗಳ ಸಾಲುಗಳು, ಇಳಿಜಾರಿನಲ್ಲಿ ಕೊರೆದ ಸಣ್ಣ ಗವಾಕ್ಷಗಳು. ಇವನ್ನು ಹಿಂದೆಯೇ ಕಂಡಿದ್ದೆವಲ್ಲಾ ಎನಿಸಿತು. ಕಂಡುದು ರೆನೆ ಕ್ಲೇರ್ 1931ರಲ್ಲಿ ತೆಗೆದ ‘ಲ ಮಿಲಿಯೋಂ’ ಎಂಬ ವಾಕ್ಚಿತ್ರದಲ್ಲಿ.

ಆ ಚಿತ್ರವು ಮಾಡುಗಳ ಮೇಲೆಯೇ ಮೊದಲಾಗುತ್ತದೆ. ರಾತ್ರಿಯಲ್ಲಿ ಗದ್ದಲವೇನೆಂದು ಇಬ್ಬರು ಗವಾಕ್ಷದಿಂದ ಇಣಿಕುವರು. ಒಳಗೆ ಕುಣಿಯುತ್ತಿದ್ದವರು ಅವರಿಗೆ ಕಥೆ ಹೇಳುವರು. ಮಿಶೆಲ್ ಎಂಬ ಚಿತ್ರಕಾರನನ್ನು ಸಾಲ ಕೊಟ್ಟವರೆಲ್ಲ ಅಟ್ಟಿಸಿಕೊಂಡು ಬರುತ್ತಾರೆ. ಅಷ್ಟರಲ್ಲಿ ಅವನ ಲಾಟರಿಗೆ ಹತ್ತು ಲಕ್ಷದ ಬಹುಮಾನ! ಆದರೆ ಚೀಟಿಯಿದ್ದುದು ಹಳೆಯ ಕೋಟಿನ ಜೇಬಿನಲ್ಲಿ. ಅವನ ಪ್ರಿಯೆ, ನರ್ತಕಿ ಬೆಯಾತ್ರಿಸ್, ಆ ಕೋಟನ್ನು ಪೋಲೀಸರಿಂದ ತಪ್ಪಿಸಿಕೊಳ್ಳುತ್ತಿದ್ದ ಮುದಿ ಕಳ್ಳನೊಬ್ಬನಿಗೆ ಕೊಟ್ಟುಬಿಟ್ಟಿದ್ದಾಳೆ. ಅಲ್ಲಿಂದ ಅದು ಸಂಗೀತನಾಟಕದ ಗಾಯಕನೊಬ್ಬನ ಮೈಗೇರುತ್ತದೆ.

ನಮಗೆ ಬಹಳ ಹಿಡಿಸಿದುದು ನಾಟಕಶಾಲೆಯ ಭಾಗ. ತೆರೆಯ ಹಿಂದೆ ಜಗಳವಾಡುವ ಸ್ಥೂಲಕಾಯದ ಗಾಯಕ ಗಾಯಕಿಯರು ರಂಗದ ಮೇಲೆ ಪ್ರೇಮಗೀತವನ್ನು ಹಾಡುತ್ತಾರೆ. ಅಲ್ಲಿಯೇ ಕೃತಕ ಗಿಡಮರಗಳ ಮರೆಯಲ್ಲಿ ಸಿಕ್ಕಿಕೊಂಡ ಮಿಶೆಲ್ ಬೆಯಾತ್ರಿಸರು ಮುನಿದಿದ್ದಾರೆ. ತುಟಿ ಎರಡು ಮಾಡುವಂತಿಲ್ಲ. ಪರರ ಹಾಡೇ ಇವರ ಮಾತಾಗಿ ಮುನಿಸು ಕರಗುತ್ತದೆ. ವಾಕ್ಚಿತ್ರವೆಂದ ಮಾತ್ರಕ್ಕೆ ಸದಾ ಮಾತು ಬೇಕೆ? ಬೇಡವೆಂಬುದು ಕ್ಲೇರನ ಮತವಾಗಿದ್ದಿತು. ಕೋಟಿಗಾಗಿ ಎಳೆದಾಡುವಲ್ಲಿ ಅವನು ಕೇಳಿಸಿದುದು ಚೆಂಡಾಟದ ಸೀಟಿಯನ್ನು, ಜನರ ಕೂಗನ್ನು!

ಆದರೆ ಚಿತ್ರದ ಮಾಡುಗಳು ಪ್ಯಾರಿಸಿನವಲ್ಲ. ನಗರದ ಉತ್ತರಕ್ಕೆ, ಸೇನ್ ನದಿಯ ಬಳಿಯ ಎಪಿನೆ ಎಂಬ ಊರಿನ ಚಿತ್ರಾಗಾರದಲ್ಲಿ ಲಜಾರ್ ಮೀರ್ಸನ್ ಅವನ್ನು ನಿರ್ಮಿಸಿದನು. ನಟರ ಹಿಂದೆ ತೆಳುವಾದ ಜಾಲರಿಬಟ್ಟೆ ಇಳಿಬಿಟ್ಟು ಗೋಡೆಗಳು ಮಸುಕಾಗಿ ತೋರುವಂತೆ ಮಾಡಿದನು. ಇದನ್ನು ನಾವು ಮೋಸವೆನ್ನೆವು. ಬಡತನ ನಗೆಗೀಡಾಗುವುದೂ, ಸಾಲಕ್ಕೆ ಲಾಟರಿ ಒದಗುವುದೂ ಜಾಲರಿಯ ಆಚೆಗೇ ಸರಿ.

ಈಚೆಗಿನ ಬಡತನವಿದ್ದುದು ಗುಡ್ಡದ ಇಳಿಜಾರಿನ ‘ಬಾತೋ ಲಾವ್ವಾರ್’ ಎಂಬ ಮನೆಯಲ್ಲಿ. 1904ರಿಂದ 1909ರವರೆಗೆ ಪಿಕಾಸೊ ಅಲ್ಲಿದ್ದನು. ಅಷ್ಟು ಜನ ಕಲಾವಿದರಿಗೆ ಇದ್ದುದು ಒಂದೇ ನಲ್ಲಿ. ಚಳಿಗಾಲದಲ್ಲಿ ಬಟ್ಟಲಿನಲ್ಲಿ ಉಳಿದ ಚಹ ಬೆಳಗಾಗುವುದರೊಳಗೆ ಹೆಪ್ಪುಗಟ್ಟುತ್ತಿದ್ದಿತಂತೆ. ಪಿಕಾಸೊಗೆ ಐಶ್ವರ್ಯ ಬಂದಿತು, ನಿಜ. 1906ರಲ್ಲಿ ಇದೇ ಗುಡ್ಡಕ್ಕೆ ಬಂದ ಮೊದಿಗ್ಲಿಯಾನಿಗೆ ಬರಲಿಲ್ಲ. 1920ರಲ್ಲಿ, 35ನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡನು. ಇಂದು ಅವನ ಪಟಗಳ ಬೆಲೆಯನ್ನು ಕೇಳಿದರೆ ಮಿಶೆಲನ ಲಾಟರಿಯೂ ನಾಚಬೇಕು.

ಮರದ ಆ ಮನೆ 1970ರಲ್ಲಿ ಬೆಂಕಿಗೆ ಆಹುತಿಯಾಯಿತು. 1978ರಲ್ಲಿ ಕಾಂಕ್ರೀಟಿನಿಂದ ಮತ್ತೆ ಕಟ್ಟಿದರು. ಒಳಗೆ ಕಲಾವಿದರ ಕೋಣೆಗಳಿವೆ, ನೋಡುವವರಿಗೆ ಪ್ರವೇಶವಿಲ್ಲ. ಮುಂದಿನ ಸಣ್ಣ ಚೌಕದಲ್ಲಿ, ಮರಗಳ ನೆರಳಿನಲ್ಲಿ, ಹಸುರು ಬಣ್ಣದ ಎರಕದ ಕಾರಂಜಿಯೊಂದಿದೆ. ದಾರಿಹೋಕರಿಗೆಂದು ಅದರಲ್ಲಿ ಕುಡಿಯುವ ನೀರು ಬರುತ್ತದೆ. ನಾವೂ ಬೊಗಸೆಯೊಡ್ಡಿ ಕುಡಿದು, ಗುಡ್ಡವಿಳಿದೆವು.